ದಾಖಲೆಯಲ್ಲಿದ್ದಂತೆ

ಇಪ್ಪತ್ತೆಂಟು ವರ್ಷ ನಾನು ಕಲಿಸಿದ್ದು ಒಂದೇ ವಿಷಯ, ಸಿವಿಲ್ ಕೋರ್ಟಿನ ನಡಾವಳಿ. ನ್ಯಾಯ ಯಾವುದು, ಅನ್ಯಾಯ ಯಾವುದು ಅನ್ನುವುದು ಪಕ್ಕದ ಕ್ಲಾಸಿನವರ ಪಾಠ. ದಾವೆ ಹೇಗೆ ಬರೆಯಬೇಕು, ಸಮನ್ಸ್ ಯಾರ ಕೈಗೆ ಕೊಡಬೇಕು, ಜವಾನ ಬಾಗಿಲಲ್ಲಿ ನಿಂತು ಹೆಸರು ಕೂಗಿದಾಗ ಯಾರು ಎದ್ದು ಬರಬೇಕು, ಬರದಿದ್ದರೆ ಏನಾಗುತ್ತದೆ, ಇದು ನನ್ನ ಪಾಠ. ಆ ಕಾನೂನಿನ ಅಧ್ಯಾಯಗಳಿಗೆ ಆರ್ಡರ್ ಅನ್ನುತ್ತಾರೆ. ಶಹಾಪುರದ ನಮ್ಮ ಕಾಲೇಜಿನಲ್ಲಿ ನನಗೆ ಬೆನ್ನ ಹಿಂದಿನ ಹೆಸರು 'ಆರ್ಡರ್ ಬಾಯಿ'. ಅದಕ್ಕೆ ನಾನು ಸಿಟ್ಟಾದವಳಲ್ಲ, ಸಿಟ್ಟಿಗೆ ಬೇರೆ ಕಾರಣಗಳು ಬೇಕಾದಷ್ಟಿದ್ದವು.

ಒಂದು ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಸಂಬಳದ ಕಾನೂನು ಅಧ್ಯಾಪಕರು ವಕೀಲಿ ಮಾಡುವಂತಿಲ್ಲ. ಕೆಲಸಕ್ಕೆ ಸೇರಿದ ದಿನವೇ ವಕೀಲಿ ಮಾಡಲು ಬೇಕಾದ ನನ್ನ ಸನ್ನದು ಒಪ್ಪಿಸಿದ್ದೆ. ಯಾದಗಿರಿ, ಶಹಾಪುರ, ಸುರಪುರದ ಅರ್ಧ ವಕೀಲರು ನನ್ನ ಶಿಷ್ಯರು. ನಾನು ಮಾತ್ರ ಕೋರ್ಟಿನಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಈಜು ಕಲಿಸುವವಳು ದಡದಲ್ಲೇ ಮುದುಕಿಯಾದಳು ಅಂದುಕೊಳ್ಳಿ.

ಪಾಠ ಕೇಳಿದವರಿಗೆಲ್ಲ ನನ್ನ ಎರಡು ಮಾತು ಬಾಯಿಪಾಠ. ಒಂದು: 'ಹೆಸರನ್ನು ದಾಖಲೆಯಲ್ಲಿದ್ದಂತೆ ಬರೆಯಿರಿ, ಒಂದು ಒತ್ತಕ್ಷರವನ್ನೂ ಮುಟ್ಟಬೇಡಿ.' ಇನ್ನೊಂದು: 'ಕರೆದಾಗ ಓ ಅನ್ನದವನು ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದರೂ ಒಂದೇ, ಮನೆಯಲ್ಲಿ ಮಲಗಿದ್ದರೂ ಒಂದೇ.' ಇವೆರಡನ್ನೂ ನಾನು ಬರೆದ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ಐದು ಮುದ್ರಣ ಕಂಡ ಪುಸ್ತಕ ಅದು. ಎಷ್ಟು ಹೆಮ್ಮೆಯಿತ್ತೋ ಈಗ ಅಷ್ಟೇ ನಾಚಿಕೆ.

ಹೋದ ವರ್ಷ ಆಗಸ್ಟಿನಲ್ಲಿ ಬಳಿಚಕ್ರದಿಂದ ಫೋನ್ ಬಂತು. ಬಳಿಚಕ್ರ ನನ್ನ ತವರು, ಅಪ್ಪ ಅಲ್ಲಿದ್ದಾರೆ. ಫೋನ್ ಮಾಡಿದವಳು ನಮ್ಮ ಕೇರಿಯ ಮಲ್ಲಾಬಾಯಿ.

"ಪರಿಮಳಕ್ಕ, ಕೋರ್ಟಿನ ಅಮೀನ ಬಂದಾನ. ಟೇಪ್ ಹಿಡದು ವಿಹಾರದ ಜಾಗಾ ಅಳೀಲಾಕತ್ಯಾನ. ಅಪ್ಪ ಸುಮ್ನ ಕುಂತಾನ, ಏನೂ ಮಾತಾಡವಲ್ಲ. ನೀ ಲಗೂನ ಬಾ."

ಊರ ಅಂಚಿನ ಆ ಜಾಗ ಹದಿನಾಲ್ಕು ಗುಂಟೆ. ಅಜ್ಜನ ಕಾಲದ್ದು. ಅಲ್ಲಿ ಅಪ್ಪ ಕೇರಿಯವರನ್ನು ಕೂಡಿಸಿಕೊಂಡು ಕಟ್ಟಿದ ಒಂದು ಕೋಣೆ ಇದೆ, ಸುಣ್ಣ ಬಳಿದ ಗೋಡೆ, ಒಳಗೆ ಬುದ್ಧನ ಮೂರ್ತಿ. ಅದನ್ನೇ ನಾವು ವಿಹಾರ ಅನ್ನುತ್ತೇವೆ. ಎದುರಿಗೆ ಅರಳಿ ಮರ. ಅದರ ಬುಡದಲ್ಲಿ ನನ್ನ ಅವ್ವ ದೇವಕಮ್ಮನ ಬೂದಿ ಇದೆ.

ಬಸ್ಸಿಳಿದು ಹೋಗುವ ಹೊತ್ತಿಗೆ ಅಮೀನ ನಾಲ್ಕು ಮೂಲೆಗೂ ಸುಣ್ಣದ ಗುರುತು ಹಾಕಿ ಹೋಗಿದ್ದ. ಅಪ್ಪ ಮರದ ಕೆಳಗೆ ಕೂತು ಅವನು ಕೊಟ್ಟ ಕಾಗದ ಕೈಗಿಟ್ಟರು. ಎಂಬತ್ತೊಂದು ವರ್ಷ ಅಪ್ಪನಿಗೆ. ಕಾಲುವೆ ಇಲಾಖೆಯಲ್ಲಿ ನೀರು ಬಿಡುವ ಕೆಲಸ ಮಾಡಿ ನಿವೃತ್ತರಾದವರು. ಅಂಗಿ ಈಗಲೂ ಹಾಲಿನಷ್ಟು ಬಿಳಿ.

ಕಾಗದ ಓದಿದೆ. ನಮ್ಮೂರ ಅಯ್ಯಪ್ಪಗೌಡ ದಾವೆ ಹಾಕಿದ್ದಾನೆ. ನಮ್ಮವರು ಜಾಗವನ್ನು ತನ್ನಪ್ಪನಿಗೆ ಎಂದೋ ಮಾರಿದ್ದಾರೆ ಅನ್ನುತ್ತಾನೆ. ಪ್ರತಿವಾದಿ ಬರಲಿಲ್ಲವೆಂದು ಕೋರ್ಟು ಒಂದೇ ಕಡೆಯ ಮಾತು ಕೇಳಿ ಡಿಕ್ರಿ ಕೊಟ್ಟಿದೆ. ಅದಾಗಿ ಇಪ್ಪತ್ತೊಂದು ದಿನ. ಅದನ್ನು ರದ್ದು ಮಾಡಿಸಲು ಕಾನೂನು ಕೊಡುವುದು ಮೂವತ್ತು ದಿನ. ಉಳಿದದ್ದು ಒಂಬತ್ತು. ಪ್ರತಿವಾದಿಯ ಹೆಸರು: ದುರಗ್ಯಾ ವಲ್ದ್ ಬಸಲ್ಯಾ.

ವಲ್ದ್ ಅಂದರೆ ಮಗ. ನಿಜಾಮರು ಹೋಗಿ ಎಷ್ಟು ಕಾಲವಾಯಿತು, ಅವರ ಪಹಣಿಯ ಮಾತು ಹೋಗಲಿಲ್ಲ. ದುರಗ್ಯಾ ಅಂದರೆ ಅಪ್ಪ. ಅವರ ಹುಟ್ಟುಹೆಸರು ದುರಗಪ್ಪ. ಕೇರಿಯವರಿಗೆ 'ಪ್ಪ' ಯಾಕೆ ಅಂತ ಅಂದಿನ ಶಾನುಭೋಗ ದುರಗ್ಯಾ ಎಂದು ಬರೆದ, ಅಜ್ಜ ಬಸಪ್ಪನನ್ನು ಬಸಲ್ಯಾ ಮಾಡಿದ. ಐವತ್ತು ವರ್ಷದ ಹಿಂದೆ ಅಪ್ಪ ಬೌದ್ಧ ದೀಕ್ಷೆ ತಗೊಂಡು ಬುದ್ಧಪ್ರಿಯ ಆದರು. ಆಮೇಲೆ ಹಳೆಯ ಹೆಸರಿಗೆ ಅವರು ಓಗೊಟ್ಟದ್ದು ನಾನು ಕಂಡಿಲ್ಲ.

"ನೀವು ಕೋರ್ಟಿಗೆ ಹೋಗಲೇ ಇಲ್ಲವಾ?" ಅಂದೆ.

"ಹೋಗಿದ್ದೆ. ಹತ್ತೂವರಿಗೇ ಹೋಗಿ ಬಾಗಲ ಬಾಜೂಕಿನ ಬೆಂಚಿನ್ಯಾಗ ಕುಂತಿದ್ದೆ."

"ಮತ್ತೆ?"

"ದುರಗ್ಯಾನ ಕರದ್ರು. ನನ್ನ ಕರೀಲಿಲ್ಲ. ಸಂಜೀತನಾ ಕುಂತು ಬಂದೆ."

 ಅವ್ವನ ಬೂದಿಯ ಮುಂದೆ ನಿಂತು ಅಪ್ಪನಿಗೆ ಬಾಯಿಗೆ ಬಂದದ್ದು ಅಂದೆ. ಇಡೀ ಜಿಲ್ಲೆಗೆ ಕೋರ್ಟಿನ ದಾರಿ ತೋರಿಸುವವಳು ನಾನು, ನನ್ನ ಮನೆಗೆ ಸಮನ್ಸ್ ಬಂದದ್ದು ನನಗೇ ಗೊತ್ತಿಲ್ಲ. ಒಂದು ಸಲ 'ಹಾಜಿರ್' ಅಂದಿದ್ದರೆ ನಾಲಗೆ ಸವೆಯುತ್ತಿತ್ತೇ? ಒಂದು ಹೆಸರಿಗೋಸ್ಕರ ಅವ್ವನನ್ನು ಗೌಡನ ಟ್ರ್ಯಾಕ್ಟರಿಗೆ ಕೊಡುತ್ತೀರಾ?

ಅಪ್ಪ ಕೇಳುವಷ್ಟು ಕೇಳಿ, "ಆ ಹೆಸರಿನ ಮನುಷ್ಯಾ ಸತ್ತು ಐವತ್ತ ವರ್ಷ ಆತು ಪರಿಮಳಾ. ಸತ್ತವರ ಪರವಾಗಿ ನಾ ಹ್ಯಾಂಗ ಓ ಅನ್ಲಿ?" ಅಂದರು. ಅಷ್ಟು ಹೇಳಿ ಚೊಂಬು ತಗೊಂಡು ಮರಕ್ಕೆ ನೀರು ಹಾಕಲು ಎದ್ದು ಹೋದರು.

ಮರುದಿನವೇ ಯಾದಗಿರಿಯಲ್ಲಿ ಗೌಡನ ವಕೀಲನ ಆಫೀಸಿಗೆ ನುಗ್ಗಿದೆ. ವಕೀಲ ಕಾಂತೇಶ, ನನ್ನ ಶಿಷ್ಯ, ಅವನ ಬ್ಯಾಚಿನಲ್ಲಿ ಎಲ್ಲರಿಗಿಂತ ಜಾಣ. ಎದ್ದು ಬಂದು ಕಾಲು ಮುಟ್ಟಿದ, ಕುರ್ಚಿ ಒರೆಸಿದ, ಚಾ ತರಿಸಿದ. ಚಾ ಮುಟ್ಟದೆ ಕೇಳಿದೆ: "ನನ್ನಪ್ಪನ ಹೆಸರು ನಿನಗೆ ಗೊತ್ತಿಲ್ಲವಾ? ಎಂಬತ್ತು ವರ್ಷದ ಮನುಷ್ಯನನ್ನು ದುರಗ್ಯಾ ಅಂತ ಬರೆಯಲು ನಿನಗೆ ಕೈ ಹೇಗೆ ಬಂತು?"

ಕಾಂತೇಶ ಕಪಾಟಿನಿಂದ ನನ್ನದೇ ಪುಸ್ತಕ ತೆಗೆದು, ಗುರುತು ಹಾಕಿದ್ದ ಪುಟ ಬಿಚ್ಚಿ ಮುಂದಿಟ್ಟ.

"ನೀವ ಕಲ್ಸಿದ್ರಲ್ರಿ ಮೇಡಂ. ಹೆಸರು ದಾಖಲ್ಯಾಗ ಇದ್ದಂಗ ಬರೀರಿ, ಒತ್ತಕ್ಷರಾನೂ ಮುಟ್ಟಬ್ಯಾಡ್ರಿ ಅಂತ. ಪಹಣ್ಯಾಗ ದುರಗ್ಯಾ ಅದ. ನಾ ನನ್ನ ಕಡಿಂದ ಏನೂ ಸೇರ್ಸಿಲ್ರಿ."

ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅಂದರೆ ಇದೇ. ಅವನ ಮುಖದಲ್ಲಿ ಕೊಂಕಿರಲಿಲ್ಲ. ಗುರುವಿನ ಮಾತು ಉಳಿಸಿಕೊಂಡ ಸಮಾಧಾನವಿತ್ತು. ಅವನಿಗೆ ಒಂದು ಬಿಗಿಯೋಣ ಅನಿಸಿತು. ಆದರೆ ಬಿಗಿಯಬೇಕಾದ ಕೆನ್ನೆ ನನ್ನದೇ ಅಂತಲೂ ಗೊತ್ತಿತ್ತು. ತಣ್ಣಗಾದ ಚಾ ಬಿಟ್ಟು ಬಂದೆ.

ನಮ್ಮ ಕಡೆಗೆ ಸವಿತಾಳನ್ನು ಹಿಡಿದೆ. ಕೆಂಭಾವಿಯ ಹುಡುಗಿ, ನನ್ನ ಶಿಷ್ಯೆಯೇ, ವಕೀಲಿಗೆ ಇಳಿದು ನಾಲ್ಕು ವರ್ಷ. ಅವಳು ಒಂದೇ ಗಳಿಗೆಯಲ್ಲಿ ದಾರಿ ಹುಡುಕಿದಳು.

"ಭಾಳ ಸರಳ ಅದ ಮೇಡಂ. ಅವತ್ತ ಅಜ್ಜಾರಿಗಿ ಜ್ವರ ಇತ್ತು ಅಂತ ಅಫಿಡವಿಟ್ ಹಾಕೋಣು. ಡಾಕ್ಟರ ಕಡಿಂದ ಒಂದ ಚೀಟಿ ತರ್ತೇನಿ. ಎಲ್ಲಾರೂ ಹಂಗ ಮಾಡ್ತಾರ, ಜಡ್ಜರಿಗೂ ಗೊತ್ತಿರ್ತದ."

ಅಪ್ಪನ ಮುಂದೆ ಕಾಗದ ಹಿಡಿದರೆ, "ನಂಗ ಜ್ವರಾ ಬಂದಿಲ್ಲ, ಗಟ್ಟಿಮುಟ್ಟ ಅದೀನಿ" ಅಂದರು. ಸುಳ್ಳು ಹೇಳುವುದಿಲ್ಲ ಅಂತ ದಿನಾ ಮುಂಜಾನೆ ಬುದ್ಧನ ಮುಂದೆ ಹೇಳಿ, ಮಧ್ಯಾಹ್ನ ಕೋರ್ಟಿನಲ್ಲಿ ಸುಳ್ಳಿಗೆ ಸಹಿ ಹಾಕಲೇ ಅಂದರು. ಮತ್ತೆ ಜಗಳ. "ಬುದ್ಧ ಬಂದು ನಿಮ್ಮ ಗುಂಟೆ ಉಳಿಸಿಕೊಡುತ್ತಾನಾ?" ಅಂದೆ. ಅದಕ್ಕೆ ಅವರು ಸಿಟ್ಟಾಗಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಒಂದು ಹಳದಿ ಕಾಗದ ತಂದುಕೊಟ್ಟರು.

ಅದು ನನ್ನ ಶಾಲೆಯ ದಾಖಲಾತಿ. ನೋಡಿದ ಕೂಡಲೇ ಆ ದಿನ ನೆನಪಾಯಿತು. ನಾನು ಆಗ ಎರಡನೇ ಕ್ಲಾಸು. ಹಾಜರಿ ಪುಸ್ತಕದಲ್ಲಿ ನಾನು 'ದುರಗ್ಯಾನ ಪರಮಿ'. ದೀಕ್ಷೆ ತಗೊಂಡ ವಾರವೇ ಅಪ್ಪ ಶಾಲೆಗೆ ಬಂದರು. ಹೆಡ್ ಮಾಸ್ತರ್ ಮಾತಾಡಿಸಲಿಲ್ಲ. ಅಪ್ಪ ಬಾಗಿಲಲ್ಲಿ ನಿಂತರು. ಶಾಲೆ ಬಿಟ್ಟರೂ ನಿಂತರು, ಮರುದಿನ ಬಂದು ಮತ್ತೆ ನಿಂತರು. ಮೂರನೆಯ ದಿನ ಮಾಸ್ತರರು ಬೇಸತ್ತು ಕೆಂಪು ಶಾಯಿಯಲ್ಲಿ ಬರೆದರು: ಪರಿಮಳಾ, ತಂದೆ ಬುದ್ಧಪ್ರಿಯ. ಆ ಕೆಂಪು ಶಾಯಿಯಿಂದಲೇ ನನ್ನ ಮೆಟ್ರಿಕ್, ನನ್ನ ಡಿಗ್ರಿ, ನನ್ನ ನೌಕರಿ, ನನ್ನ ಪುಸ್ತಕದ ಮೇಲಿನ ಹೆಸರು. ದಾಖಲೆಯನ್ನು ಮುಟ್ಟಬೇಡಿ ಅಂತ ಇಪ್ಪತ್ತೆಂಟು ವರ್ಷ ಒದರಿದವಳು ತಿದ್ದಿದ ದಾಖಲೆಯಿಂದಲೇ ಮೇಲೆ ಬಂದವಳು. ಎಂಥ ಮರೆವು ನನ್ನದು!

ಸವಿತಾಗೆ ಹೇಳಿದೆ, ಜ್ವರ ಬೇಡ, ನಿಜ ಬರಿ. ಒಂಬತ್ತನೆಯ ದಿನ ಅರ್ಜಿ ಹೋಯಿತು. ಆ ಶಾಲೆಯ ಕಾಗದವನ್ನೂ ಲಗತ್ತಿಸಿದೆವು. ಅರ್ಜಿ ತೀರ್ಮಾನವಾಗುವವರೆಗೆ ಜಾಗ ಬಿಡಿಸಬಾರದು ಅಂತ ಕೋರ್ಟು ಅಂದಿತು. ವಿಚಾರಣೆ ಬಂದದ್ದು ಅಕ್ಟೋಬರಿನಲ್ಲಿ.

ಜಡ್ಜ್ ಮೈಸೂರು ಕಡೆಯ ಯುವಕ. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಅಪ್ಪ ಕಟಕಟೆ ಏರಿದರು. ಕಾಂತೇಶ ಮೆತ್ತಗೆ, ಪ್ರತಿ ಮಾತಿಗೂ 'ರಿ' ಹಚ್ಚಿ ಕೇಳಿದ.

"ಅವತ್ತ ನೀವು ಕೋರ್ಟಿಗೆ ಬಂದಿದ್ರೇನ್ರಿ?"

"ಬಂದಿದ್ದೆ."

"ಜವಾನ ಕೂಗಿದ್ದು ಕೇಳ್ತೇನ್ರಿ?"

"ಕೇಳ್ತು. ಮೂರ ಸರ್ತಿ ಕೂಗಿದ."

"ಮತ್ತ ಒಳಗ ಯಾಕ ಬರ್ಲಿಲ್ರಿ?"

"ನನ್ನ ಕರೀಲಿಲ್ಲ. ದುರಗ್ಯಾನ ಕರದ."

"ದುರಗ್ಯಾ ಅಂದ್ರ ಯಾರ್ರಿ?"

"ಅಯ್ಯಪ್ಪಗೌಡನ ಅಪ್ಪ ಬಾರಕೋಲು ತೋರ್ಸಿ ಕರೀತಿದ್ನಲ್ಲ, ಅಂವ. ಅಂವ ಈಗಿಲ್ಲ."

ಕಾಂತೇಶನಿಗೆ ಅಷ್ಟು ಸಾಕಿತ್ತು. ಬಂದಿದ್ದೆ, ಕೇಳಿತ್ತು, ಏಳಲಿಲ್ಲ. ಇದಕ್ಕಿಂತ ಚಂದದ ಒಪ್ಪಿಗೆ ಯಾವ ವಕೀಲನಿಗೂ ಸಿಗುವುದಿಲ್ಲ. ಅವನು ನನ್ನ ಪುಸ್ತಕ ತೆಗೆದು ಓದಿದ: "ಕರೆದಾಗ ಓ ಅನ್ನದವನು ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದರೂ ಒಂದೇ, ಮನೆಯಲ್ಲಿ ಮಲಗಿದ್ದರೂ ಒಂದೇ." ಆಮೇಲೆ ತಲೆ ಬಗ್ಗಿಸಿ, "ಇದನ್ನ ಬರದವ್ರು ಪ್ರತಿವಾದಿಯವರ ಮಗಳ ಅದಾರ ಸ್ವಾಮಿ. ಇಲ್ಲೇ ಕುಂತಾರ" ಅಂದ. ಕರಿಕೋಟುಗಳೆಲ್ಲ ಒಟ್ಟಿಗೆ ಹಿಂದೆ ತಿರುಗಿದವು. ಅವುಗಳಲ್ಲಿ ಅರ್ಧ ನಾನು ಪಾಸು ಮಾಡಿಸಿದವು.

ನನಗೆ ಕೂರಲಾಗಲಿಲ್ಲ. ಎದ್ದೆ. "ಅದು ತಪ್ಪು" ಅಂದೆ. "ನಾನು ಬರೆದದ್ದು ತಪ್ಪು."

"ಯಾರಮ್ಮ ನೀವು?" ಅಂದರು ಜಡ್ಜ್.

"ಪರಿಮಳಾ. ಆ ಪುಸ್ತಕ ಬರೆದವಳು."

"ನೀವು ಈ ಕೇಸಲ್ಲಿ ಪಾರ್ಟಿಯೂ ಅಲ್ಲ, ವಕೀಲರೂ ಅಲ್ಲ. ನಿಮ್ಮ ಹೆಸರು ಯಾರೂ ಕರೆದಿಲ್ಲ. ಕೂತ್ಕೊಳ್ಳಿ."

ಕೂತೆ. ಅವರು ಹೇಳಿದ್ದು ಅಕ್ಷರಶಃ ಸರಿ, ನಾನೇ ಕಲಿಸುವ ಪಾಠ. ಸರಿಯಾದ ಮಾತು ಇಷ್ಟು ಉರಿಯುತ್ತದೆ ಅಂತ ಐವತ್ತೇಳನೆಯ ವಯಸ್ಸಿನಲ್ಲಿ ತಿಳಿಯಿತು. ಕಟಕಟೆಯಿಂದ ಅಪ್ಪ ನನ್ನತ್ತ ನೋಡಿದರು. ಈಗ ತಿಳೀತಾ ಅನ್ನುವ ನೋಟ ಅಲ್ಲ. ಮೈ ಸುಟ್ಟ ಮಗುವನ್ನು ನೋಡುವ ನೋಟ.

ಜಡ್ಜ್ ಬರೆಯಲು ಪೆನ್ನು ತೆಗೆದವರು, ಏನೋ ತೋಚಿ, ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತ ಜವಾನನನ್ನು ಕೇಳಿದರು: "ಮುಸ್ತಫಾ, ಅವತ್ತು ಕೂಗಿದ್ದು ನೀನೇ ಅಲ್ವಾ? ಈ ಹಿರಿಯರು ಹೊರಗೆ ಕೂತಿದ್ದು ನಿಜವಾ?"

"ನಿಜ ಅದ ಸಾಹೇಬ್. ಬುದ್ಧಪ್ರಿಯ ಕಾಕಾ ನಮ್ಮೂರ ಬಾಜೂಕಿನವ್ರು. ಅವತ್ತ ಮುಂಜಾನಿ ಇಬ್ರೂ ಕೂಡಿ ಚಾ ಕುಡದೀವಿ. ನಾ ದುರಗ್ಯಾನ ಮೂರ ಸರ್ತಿ ಕೂಗಿ, ಅವ್ರನ್ನ ಕೇಳಿದೆ, ಕಾಕಾ, ದುರಗ್ಯಾ ಅನ್ನಾಂವ ಯಾರರ ಬಂದಾನೇನು ಅಂತ. ಇಲ್ಲಪಾ, ಅಂವ ಬಂದಿಲ್ಲ ಅಂದ್ರು."

ಕೋರ್ಟು ಗೊಳ್ಳೆಂದಿತು. ಜಡ್ಜ್ ಕೂಡ ನಕ್ಕರು. ನಗದವನು ಮುಸ್ತಫಾ ಒಬ್ಬನೇ.

"ಒಂದ ಮಾತ ಹೇಳ್ಲೇನ್ರಿ ಸಾಹೇಬ್? ನಾ ಪಟ್ಟ್ಯಾಗ ಇದ್ದಂಗ ಕೂಗಾಂವ. ಈ ಕಡಿಯವ್ರಿಗಿ 'ಶ್ರೀ ಅಯ್ಯಪ್ಪಗೌಡ ತಂದೆ ದಿವಂಗತ ಸಿದ್ರಾಮಗೌಡ' ಅಂತ ಬರದಾರ. ನಾ ಹಂಗ ಕೂಗ್ತೇನಿ. ಪಹಣ್ಯಾಗ ಎಲ್ಲ್ಯರ ಶ್ರೀ ಅಂತ ಇರ್ತದೇನ್ರಿ? ದಿವಂಗತ ಇರ್ತದೇನ್ರಿ? ಗೌಡ್ರಿಗಿ ಶ್ರೀ ಹಚ್ಚಾಕ ಬರ್ತದ, ಇವ್ರಿಗಿ ಒಂದ 'ಪ್ಪ' ಹಚ್ಚಾಕ ಬರಂಗಿಲ್ಲೇನ್ರಿ?"

ನಗು ನಿಂತಿತು.

ಅವನು ಪ್ರಮಾಣ ಮಾಡಿರಲಿಲ್ಲ, ಸಾಕ್ಷಿ ಪಟ್ಟಿಯಲ್ಲಿ ಇರಲಿಲ್ಲ. ಅವನ ಮಾತು ನನ್ನ ಪುಸ್ತಕದ ಯಾವ ಪುಟಕ್ಕೂ ಸಲ್ಲುವಂಥದ್ದಲ್ಲ. ಆದರೆ ಆ ಒಂದು ಶ್ರೀ ನನಗೆ ಇಪ್ಪತ್ತೆಂಟು ವರ್ಷ ಕಂಡಿರಲಿಲ್ಲ. ಸಾವಿರಾರು ದಾವೆ ತಿದ್ದಿದ ಕಣ್ಣಿಗೆ ಕಂಡಿರಲಿಲ್ಲ. ದಾಖಲೆಯಲ್ಲಿದ್ದಂತೆ ಬರೆಸಿಕೊಳ್ಳಬೇಕಾದವರು ಯಾವಾಗಲೂ ನಾವು ಮಾತ್ರ.

ಜಡ್ಜ್ ಪಹಣಿ ತರಿಸಿ ನೋಡಿದರು. ಅದರಲ್ಲಿ ಗೌಡನ ಮನೆತನದ ಸಾಲು ಇದ್ದದ್ದು 'ಅಯ್ಯಪ್ಪ ವಲ್ದ್ ಸಿದ್ರಾಮಪ್ಪ'. "ಕಾಂತೇಶ್ ಅವರೇ, ಶ್ರೀ ಎಲ್ಲಿಂದ ಬಂತು? ಗೌಡ ಎಲ್ಲಿಂದ ಬಂತು?" ಅಂದರು. ಕಾಂತೇಶ ನನ್ನ ಪುಸ್ತಕ ಮುಚ್ಚಿದ. "ರೂಢಿ ಸ್ವಾಮಿ" ಅಂದ. ಅಷ್ಟು ಹೊತ್ತಿನಲ್ಲಿ ಅವನು ಆಡಿದ ಒಂದೇ ನಿಜ ಅದು.

ಸಂಜೆಯೊಳಗೆ ಆದೇಶ ಬಂತು. ಪ್ರತಿವಾದಿಯನ್ನು ಅವರು ಈಗ ಬಳಸುವ ಹೆಸರಿನಲ್ಲಿ ಕರೆದಿಲ್ಲ, ಆದ್ದರಿಂದ ಡಿಕ್ರಿ ರದ್ದು, ದಾವೆ ಮೊದಲಿನಿಂದ ನಡೆಯಲಿ. ಸವಿತಾ ಖುಷಿಯಿಂದ ಕುಣಿಯುವುದೊಂದು ಬಾಕಿ. ಹೆಸರು ತಿದ್ದುವ ವಿಚಾರ ಕೇಳಿದಾಗ ಜಡ್ಜ್, "ಅದಕ್ಕೆ ಬೇರೆ ಅರ್ಜಿ ಹಾಕಿ, ಎದುರು ಪಾರ್ಟಿ ತಕರಾರು ಕೇಳಬೇಕು" ಅಂದರು. ಅದೂ ಕ್ರಮಬದ್ಧ. ಕಾಂತೇಶ ಅಲ್ಲೇ ತಕರಾರು ಇದೆ ಅಂದ.

ಆದೇಶದ ನಕಲು ತಗೊಂಡು ಬಳಿಚಕ್ರಕ್ಕೆ ಹೋದೆ. ಅಪ್ಪ ಕನ್ನಡಕ ಏರಿಸಿ ಮೊದಲ ಸಾಲು ಓದಿದರು: 'ಪ್ರತಿವಾದಿ ದುರಗ್ಯಾ ಸಲ್ಲಿಸಿದ ಅರ್ಜಿಯನ್ನು ಪುರಸ್ಕರಿಸಲಾಗಿದೆ.' ಮಡಿಸಿ ನನ್ನ ಕೈಗೇ ವಾಪಸು ಕೊಟ್ಟರು.

"ಕೋರ್ಟಿನ್ಯಾಗ ಗೆದ್ದಾಂವ ಸೋತ, ಸೋತಾಂವ ಸತ್ತ ಅಂತಾರ. ಇಲ್ಲಿ ಸತ್ತಾಂವನ ಗೆದ್ದಾನ ನೋಡು. ಗೆದ್ದಾಂವ ದುರಗ್ಯಾ. ಈ ಕಾಗದ ಅವಂಗ ಕೊಡು."

ಅವರ ಮೇಲೆ ಸಿಟ್ಟು ಮಾಡಲು ಹುಡುಕಿದೆ, ಸಿಗಲಿಲ್ಲ. ಇದ್ದ ಸಿಟ್ಟೆಲ್ಲ ಬೇರೆ ಕಡೆ ಹೊರಟಿತ್ತು.

ಸೋಮವಾರ ಕ್ಲಾಸಿಗೆ ಹೋಗಿ, ನನ್ನ ಪುಸ್ತಕ ಇದ್ದವರೆಲ್ಲ ಆ ಎರಡು ಸಾಲು ಹೊಡೆದು ಹಾಕಿ ಅಂದೆ. "ಪರೀಕ್ಷೇಕ ಬಂದ್ರ ಏನ ಬರೀಬೇಕ್ರಿ ಮೇಡಂ?" ಅಂದಳು ಮುಂದಿನ ಬೆಂಚಿನ ಸಮ್ರೀನ್. ಚಾಕ್ ಕೆಳಗಿಟ್ಟೆ. ಸೀದಾ ಪ್ರಿನ್ಸಿಪಾಲರ ಕೋಣೆಗೆ ಹೋಗಿ ರಾಜೀನಾಮೆ ಕೊಟ್ಟೆ. "ಇನ್ನ ಮೂರ ವರ್ಷ ಉಳದಾವಲ್ರಿ, ಹುಚ್ಚ ಹಿಡದದೇನ್ರಿ?" ಅಂದರು. ಹೌದು ಅಂದೆ. ಬಾರ್ ಕೌನ್ಸಿಲಿಗೆ ಬರೆದು ಸನ್ನದು ವಾಪಸು ತಗೊಂಡೆ. ಕರಿಕೋಟು ಹೊಸದಾಗಿ ಹೊಲಿಸಿದೆ, ಹಳೆಯದು ಮೈಗಾಗಲಿಲ್ಲ.

ಹೆಸರಿನ ಅರ್ಜಿ ಫೆಬ್ರವರಿಯಲ್ಲಿ ಬಂತು. ಅದೇ ಕೋರ್ಟು, ಅದೇ ಜಡ್ಜ್. ಅಪ್ಪ ಹಿಂದಿನ ಬೆಂಚಿನಲ್ಲಿ ಕೂತಿದ್ದರು, ನಾನು ಕೂತಿದ್ದ ಜಾಗದಲ್ಲೇ. ಮುಸ್ತಫಾ ಪಟ್ಟಿ ನೋಡಿದ, ನೆಲ ನೋಡಿದ, ಅಲ್ಲಿದ್ದಂತೆಯೇ ಕೂಗಿದ. ದುರಗ್ಯಾ ವಲ್ದ್ ಬಸಲ್ಯಾ. ಈ ಸಲ ಅವನ ದನಿ ಬಾಗಿಲು ದಾಟಲಿಲ್ಲ.

ನಾನು ಎದ್ದು ಮುಂದೆ ಹೋದೆ.  

"ಪ್ರತಿವಾದಿ ದುರಗ್ಯಾ ಪರ ನೀವಾ?" ಅಂದರು ಜಡ್ಜ್.

"ಅಲ್ಲ ಸ್ವಾಮಿ. ದುರಗ್ಯಾನ ಪರ ಇಲ್ಲಿ ಯಾರೂ ಇಲ್ಲ. ನಾನು ಬುದ್ಧಪ್ರಿಯ ಅವರ ಪರ."

ಜಡ್ಜ್ ಕಡತ ತಿರುವಿದರು. "ಆ ಹೆಸರಿನ ಪಾರ್ಟಿ ಈ ಕೇಸಲ್ಲಿ ಇಲ್ವಲ್ಲ."

"ಇಲ್ಲ ಸ್ವಾಮಿ. ಇಲ್ಲ ಅಂತಲೇ ಬಂದಿದ್ದೇನೆ. ಶ್ರೀ ಬುದ್ಧಪ್ರಿಯ, ತಂದೆ ದಿವಂಗತ ಬಸಪ್ಪ."

ಹಿಂದೆ ಬೆಂಚು ಕಿರುಗುಟ್ಟಿತು. ತಿರುಗಿ ನೋಡಿದರೆ ಅಪ್ಪ ಎದ್ದು ನಿಂತಿದ್ದಾರೆ, ಕೋಲು ಬಿಟ್ಟು, ಎರಡೂ ಕೈ ಪಕ್ಕಕ್ಕೆ ಇಳಿಸಿ, ಬೆನ್ನು ನೆಟ್ಟಗೆ.

"ಹಾಜಿರ್ ಅದೀನ್ರಿ!" ಅಂದರು. ಎಂಬತ್ತೊಂದರ ಗಂಟಲಲ್ಲಿ ಅಷ್ಟು ದನಿ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಜಡ್ಜ್ ಬೆಚ್ಚಿ ತಲೆ ಎತ್ತಿದರು. "ಹಿರಿಯರೇ, ಕೂತ್ಕೊಳ್ಳಿ. ನಿಮ್ಮನ್ನ ಇನ್ನೂ ಕರೆದಿಲ್ಲ."

ಅಪ್ಪ ಕೂರಲಿಲ್ಲ.

"ಈಗ ಕರದ್ರಲ್ರೀ" ಅಂದರು.